ಕೆಂಪು ತಲೆಯ ಗೂಟ

ಒಣಗಿದ ಬಾಳೆ ಎಲೆಗಳನ್ನು ಕೊಯ್ದು ಬದುವಿನ ಕಡೆ ಎಳೆದು ಹಾಕುತ್ತಿದ್ದ ಚೆನ್ನಬಸಮ್ಮನ ಹಿಮ್ಮಡಿಗೆ ಕಬ್ಬಿಣ ತಾಗಿತು. ಕಲ್ಲಾಗಿದ್ದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಕಡ್ಡಿರಾಂಪುರದ ಹೊಲಗಳಲ್ಲಿ ಕಲ್ಲು ತಾಗುವುದು ಯಾರಿಗೂ ಸುದ್ದಿಯಲ್ಲ. ಕಬ್ಬಿಣದ ತಂಪು ಬೇರೆ. ಅವಳು ಎಲೆ ಸರಿಸಿದಳು. ನೆಲಕ್ಕೆ ಸಮನಾಗಿ ಒಂದು ದಪ್ಪ ನಟ್ಟು, ಅದರೊಳಗೆ ಹೆಬ್ಬೆರಳು ಗಾತ್ರದ ಸರಳಿನ ತುದಿ. ಎರಡಕ್ಕೂ ಕೆಂಪು ಬಣ್ಣ.

ಕುಕ್ಕರುಗಾಲಲ್ಲಿ ಕೂತು ನಟ್ಟನ್ನು ಹಿಡಿದು ಎಳೆದಳು. ಅಲುಗಲಿಲ್ಲ. ಕುಡುಗೋಲಿನ ಹಿಂಬದಿಯಿಂದ ಆ ಕಡೆ ಈ ಕಡೆ ಬಡಿದು ಮತ್ತೆ ಎಳೆದಳು. ನೆಲದೊಳಗಿಂದ ಯಾರೋ ಹಿಡಿದುಕೊಂಡಂತೆ ಇತ್ತು.

ಈ ಭಾಗದಲ್ಲಿ ಹೊಲದಲ್ಲಿ ಕೆಂಪು ಗೂಟ ಕಂಡರೆ ಅದಕ್ಕೆ ಇರುವುದು ಒಂದೇ ಅರ್ಥ. ಹೊಸಪೇಟೆ ಜಿಲ್ಲಾ ಕೇಂದ್ರವಾದ ಮೇಲೆ ರಸ್ತೆ ಬದಿಯ ಹೊಲಗಳಿಗೆ ಮೊದಲು ಗೂಟ ಬಂದವು, ಆಮೇಲೆ ಕಲ್ಲು ಬಂದವು, ಕೊನೆಗೆ ಒಂದು ಕಮಾನು ಎದ್ದು ಅದರ ಮೇಲೆ ಯಾವುದೋ ದೇವರ ಹೆಸರಿನ ನಗರ ಎಂಬ ಅಕ್ಷರ ಬಂತು. ಗೂಟ ಬಿದ್ದ ಹೊಲದಲ್ಲಿ ಇನ್ನೊಂದು ಬೆಳೆ ಕೊಯ್ದವರನ್ನು ಚೆನ್ನಬಸಮ್ಮ ನೋಡಿರಲಿಲ್ಲ.

ಹೊಲ ಅವಳದಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ವಿರೂಪಾಕ್ಷಪ್ಪನವರದು. ಅವಳ ಅಜ್ಜನ ಕಾಲದಿಂದ ಗುತ್ತಿಗೆಗೆ ಮಾಡುತ್ತ ಬಂದ ಭೂಮಿ. ಅಜ್ಜ ಎಂದರೆ ಮಾವನೂ ಹೌದು. ಅವಳು ತಾಯಿಯ ತಮ್ಮ ಉಚ್ಚೆಂಗಪ್ಪನನ್ನೇ ಮದುವೆಯಾಗಿದ್ದಳು, ಈಗಲೂ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಆ ಗುತ್ತಿಗೆಗೆ ಯಾವತ್ತೂ ಕಾಗದ ಇರಲಿಲ್ಲ. ಯುಗಾದಿಯ ಮರುದಿನ ಒಂದು ಗೊನೆ ಸುಗಂಧಿ ಬಾಳೆ, ಎಲೆ ಅಡಿಕೆ ತೆಗೆದುಕೊಂಡು ಗಿರಣಿಗೆ ಹೋಗುವುದು. ಸಾವ್ಕಾರರು ಎಲೆ ಅಡಿಕೆ ಕೈಗೆ ತೆಗೆದುಕೊಂಡರೆ ಆ ವರ್ಷ ಹೊಲ ಇವರದು. ತೆಗೆದುಕೊಳ್ಳದ ವರ್ಷ ಇದುವರೆಗೆ ಬಂದಿರಲಿಲ್ಲ. ಈ ಸಲ ಯುಗಾದಿ ಹತ್ತಿರದಲ್ಲೇ ಇತ್ತು, ಗೂಟ ಅದಕ್ಕಿಂತ ಮೊದಲು ಬಂದಿತ್ತು.

ಮಧ್ಯಾಹ್ನ ಊಟಕ್ಕೆ ಕೂತ ಗಂಡನಿಗೆ ಹೇಳಿದಳು.

"ಮಾವ, ಹೊಲದಾಗ ಗೂಟ ಹೊಡದಾರ."

ರೊಟ್ಟಿ ಮುರಿಯುತ್ತಿದ್ದ ಉಚ್ಚೆಂಗಪ್ಪನ ಕೈ ನಿಂತಿತು. "ಯಾವ ಗೂಟ?"

"ಕಬ್ಬಿಣದ್ದು. ತಲಿಗೆ ಕೆಂಪು ಬಣ್ಣ. ಗುಡ್ಡದ ಕಡಿ ಬದುವಿನಾಗ."

"ಕಿತ್ತೇನು?"

"ಎಳದೆ. ಬರ್ಲಿಲ್ಲ."

ಅವನು ರೊಟ್ಟಿಯನ್ನು ಪಲ್ಯದಲ್ಲಿ ಅದ್ದಿದ, ಬಾಯಿಗಿಡಲಿಲ್ಲ. "ಮುಟ್ಟಬ್ಯಾಡ. ಸರ್ಕಾರದ್ದಿರ್ಲಿ, ಸಾವ್ಕಾರ್ರದ್ದಿರ್ಲಿ, ಮುಟ್ಟಿದ್ರ ಕೇಸ್ ಆಕ್ಕತಿ. ಕಂಡಿಲ್ಲ ಅನ್ನಂಗ ಇದ್ದುಬಿಡು."

"ಕಂಡದ್ದನ್ನ ಕಂಡಿಲ್ಲ ಅಂತ ಹೆಂಗಿರ್ಲಿ?"

"ಮದುವ್ಯಾದಾಗಿಂದ ನನ್ನ ತಪ್ಪು ಒಂದೂ ಬಿಡದಂಗ ಕಂಡೀದಿ. ಇದೊಂದು ಬಿಡು."

ಅವಳು ನಗಲಿಲ್ಲ. ಅವನ ಮುಖದಲ್ಲಿ ಹೆದರಿಕೆ ಇತ್ತು. ಹೊಲ ಹೋಗುವ ಹೆದರಿಕೆ ಎಂದು ಅವಳು ಅಂದುಕೊಂಡಳು. ಆದರೂ ಒಂದು ಮಾತು ಒಳಗೆ ಕುಟುಕಿತು. ಯಾರು ಹೊಡೆದರು ಎಂದು ಅವನು ಕೇಳಲೇ ಇಲ್ಲ.

ಎರಡನೆಯ ಗೂಟವನ್ನು ಕಂಡವಳು ಪಕ್ಕದ ಹೊಲದ ಹೊಳೆಮ್ಮ.

"ನಿಮ್ಮ ಬಾಳಿ ಮುಗಿಯೋ ಕಡಿ ಒಂದೈತಿ ನೋಡವಾ," ಎಂದಳು ಅವಳು ಪಂಪೇಶನ ಖಾನಾವಳಿಯ ಮುಂದಿನ ನಳದ ಹತ್ತಿರ. "ನಾ ಬಯಲಿಗೆ ಕುಂತಾಗ ಕಂಡ್ತು. ಕ್ಯಾಮೆರಾ ಏನರ ಐತೇನೋ ಅಂತ ಎದ್ದು ಓಡಿ ಬಂದೆ."

"ಕ್ಯಾಮೆರಾಕ್ಕ ಬ್ಯಾರೆ ಕೆಲಸ ಇಲ್ಲೇನು," ಎಂದ ಪಂಪೇಶ ಒಳಗಿಂದ. ಹಂಪಿಗೆ ಹೋಗುವ ಪ್ರವಾಸಿಗರ ವಾಹನಗಳು ಅವನ ಅಂಗಳದಲ್ಲಿ ನಿಲ್ಲುತ್ತಿದ್ದುದರಿಂದ ಜಗತ್ತಿನ ಸುದ್ದಿಯೆಲ್ಲ ತನಗೆ ಮೊದಲು ತಿಳಿಯುತ್ತದೆ ಎಂದು ಅವನ ನಂಬಿಕೆ. "ಕೆಂಪು ಅಂದ್ರ ರೋಡು ಅಕ್ಕ. ಹಳದಿ ಅಂದ್ರ ಪೈಪು. ಬಿಳಿ ಅಂದ್ರ ರೆಸಾರ್ಟ್."

"ನಿನಗ್ಯಾರು ಹೇಳಿದ್ರು?"

"ಯಾರೂ ಹೇಳಂಗಿಲ್ಲ. ಹೋಟ್ಲು ಇಟ್ಟೋನಿಗೆ ತಾನಾಗೇ ತಿಳೀತೈತಿ."

"ಹಂಗಾದ್ರ ನಿನ್ನ ಸಾಂಬಾರಿಗೆ ಉಪ್ಪು ಹಾಕಿಲ್ಲಂತ ಯಾಕ ತಿಳಿಯಂಗಿಲ್ಲ?" ಎಂದಳು ಹೊಳೆಮ್ಮ. ಬೆಂಚಿನ ಮೇಲಿದ್ದವರು ನಕ್ಕರು. ಚೆನ್ನಬಸಮ್ಮ ಕೊಡ ಎತ್ತಿಕೊಂಡು ನಡೆದಳು. ಮೊದಲ ಗೂಟ, ಎರಡನೆಯ ಗೂಟ. ಎರಡು ಚುಕ್ಕೆ ಸಿಕ್ಕ ಮೇಲೆ ಗೆರೆ ಎಳೆಯುವುದು ಕಷ್ಟವಲ್ಲ. ಆ ಗೆರೆ ಗುಡ್ಡದ ಬುಡದಿಂದ ಅವಳ ಬಾಳೆಯ ಅಂಚು ಹಿಡಿದು ನೇರ ರಸ್ತೆಯ ಕಡೆ ಬರುತ್ತಿತ್ತು. ಮೂರನೆಯದನ್ನು ಹುಡುಕಲು ಅವಳಿಗೆ ಧೈರ್ಯ ಬರಲಿಲ್ಲ.

ಅದೇ ವಾರ ಸಾವ್ಕಾರರ ಮಗ ತಿಪ್ಪೇಶ್ ಕಾರಿನಲ್ಲಿ ಬಂದ. ಸುಗ್ಗಿಯಲ್ಲದ ಹೊತ್ತಿನಲ್ಲಿ ಅವನು ಹೊಲಕ್ಕೆ ಕಾಲಿಟ್ಟವನಲ್ಲ. ಜತೆಗೆ ಇನ್ನೊಬ್ಬ, ಇನ್‌ಶರ್ಟ್ ಮಾಡಿದ ಗುರುತಿಲ್ಲದ ಮನುಷ್ಯ. ಅವನ ಕೈಯಲ್ಲಿ ಸುತ್ತಿದ ಅಳತೆ ಟೇಪು ಇತ್ತು.

"ಅಕ್ಕ, ಗೊನಿ ಹೆಂಗದಾವ ಈ ಸಲ?" ಎಂದ ತಿಪ್ಪೇಶ್.

"ಚಲೋ ಅದಾವ್ರಿ. ಇವ್ರು ಯಾರು?"

"ನಮ್ಮ ದೋಸ್ತ. ಸುಮ್ನ ಹಂಪಿಗೆ ಹೊಂಟಿದ್ವಿ."

ಹಂಪಿಗೆ ಟೇಪು ತೆಗೆದುಕೊಂಡು ಹೋಗುವವರನ್ನು ಅವಳು ಕಂಡಿರಲಿಲ್ಲ. ಇಬ್ಬರೂ ಬದುವಿನ ಮೇಲೆ ನಡೆದರು. ಕೆಂಪು ಗೂಟದ ಹತ್ತಿರ ಬಂದಾಗ ಆ ಮನುಷ್ಯ ಅದರ ಕಡೆ ನೋಡಿ ತಿಪ್ಪೇಶನ ಕಡೆ ನೋಡಿದ. ತಿಪ್ಪೇಶ್ ಗುಡ್ಡದ ಕಡೆ ಮುಖ ಮಾಡಿದ. ಅಪರಿಚಿತ ಗೂಟ ಕಂಡವನು ಇದೇನು ಎಂದು ಕೇಳಬೇಕು. ಅವನು ಕೇಳಲಿಲ್ಲ. ಚೆನ್ನಬಸಮ್ಮನಿಗೆ ಅಷ್ಟು ಸಾಕಾಯಿತು. ಗಂಡನನ್ನು ಕರೆಯೋಣ ಎಂದು ತಿರುಗಿದರೆ ಈಗ ತಾನೇ ಕಾಲುವೆಯ ಹತ್ತಿರ ಇದ್ದ ಉಚ್ಚೆಂಗಪ್ಪ ಅಲ್ಲಿರಲಿಲ್ಲ. ಕಾರು ಹೋದ ಎಷ್ಟೋ ಹೊತ್ತಿನ ಮೇಲೆ ಬಂದ.

"ಎಲ್ಲಿಗೆ ಹೋಗಿದ್ದಿ?"

"ಅಂಜಿನೇಯನ ಗುಡಿಗೆ."

"ಇವತ್ತು ಶನಿವಾರಾನೂ ಅಲ್ಲ, ಮಂಗಳವಾರಾನೂ ಅಲ್ಲ."

"ದೇವ್ರೇನು ವಾರಕ್ಕೆರಡು ದಿನ ಡ್ಯೂಟಿ ಮಾಡ್ತಾನೇನು?"

ಅವನ ಉಗುರಿನ ಸಂದಿಯಲ್ಲಿ ಕೆಂಪು ಇತ್ತು. ಪಂಚೆಯ ಅಂಚಿನಲ್ಲೂ ಒಂದು ಗೀರು. ಅವಳ ಕಣ್ಣು ಅಲ್ಲಿ ನಿಂತಿದ್ದು ಕಂಡು "ಸಿಂಧೂರ" ಎಂದ, ಕೇಳದೆಯೇ.

ಮರುದಿನ ಆ ಪಂಚೆಯನ್ನು ಕಲ್ಲಿಗೆ ಹಾಕಿ ಒಗೆದಳು. ದೇವರ ಸಿಂಧೂರ ಎಣ್ಣೆಯಲ್ಲಿ ಕಲಸಿದ್ದು, ಸೋಪು ತಿಕ್ಕಿದರೆ ಹರಡಿಯಾದರೂ ಹೋಗುತ್ತದೆ. ಇದು ಹರಡಲಿಲ್ಲ. ಒಲೆ ಹೊತ್ತಿಸಲು ಇಟ್ಟಿದ್ದ ಸೀಮೆಎಣ್ಣೆ ಸ್ವಲ್ಪ ಬಟ್ಟೆಗೆ ಹಚ್ಚಿ ಉಜ್ಜಿದಳು. ಕೆಂಪು ಬಿಟ್ಟುಕೊಂಡಿತು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ರೆಡ್ ಆಕ್ಸೈಡ್, ಕಿಟಕಿ ಸರಳಿಗೆ ಬಳಿಯುವಂಥದ್ದು. ಗೂಟದ ತಲೆಯ ಮೇಲಿದ್ದದ್ದೂ ಅದೇ.

ಕೈಯಲ್ಲಿ ಒದ್ದೆ ಪಂಚೆ ಹಿಡಿದು ಅವಳು ಕೂತಲ್ಲೇ ಕೂತಳು. ಗೂಟ ಸಾವ್ಕಾರರದು, ಬಣ್ಣ ಬಳಿದ ಕೈ ತನ್ನ ಗಂಡನದು. ಹೊಲ ಬಿಟ್ಟುಕೊಡುವುದಕ್ಕೆ ಅವನು ಒಪ್ಪಿಬಿಟ್ಟಿದ್ದಾನೆ. ಲೇಔಟಿನ ಕಾವಲು ಕೆಲಸವೋ, ಒಂದು ಮೂಲೆಯ ಸೈಟೋ, ಏನೋ ಒಂದನ್ನು ತೋರಿಸಿದ್ದಾರೆ. ಹೆಂಡತಿಗೆ ಹೇಳಿದರೆ ಬಿಡುವುದಿಲ್ಲವೆಂದು ಹೇಳಿಲ್ಲ. ಒಂದೊಂದೂ ಸರಿಯಾಗಿ ಕೂಡಿಕೊಂಡಿತು. ಅವನನ್ನು ಕೇಳಿದರೆ ಇನ್ನೊಂದು ದೇವರ ಹೆಸರು ಹೇಳುತ್ತಾನೆ. ಕೇಳುವುದಾದರೆ ಕಂಪ್ಲಿಯಲ್ಲೇ ಕೇಳಬೇಕು.

ಕಮಲಾಪುರದ ಮೇಲೆ ಹೋಗುವ ಬಸ್ಸು ಹಿಡಿದು ಹೋದಳು. ಗಿರಣಿಯ ಅಂಗಳದಲ್ಲಿ ತೌಡಿನ ಧೂಳು ಹಾರುತ್ತಿತ್ತು. ತೂಕದ ಯಂತ್ರದ ಪಕ್ಕದ ಕುರ್ಚಿಯಲ್ಲಿ ವಿರೂಪಾಕ್ಷಪ್ಪ ಕೂತಿದ್ದರು, ಹಣೆಯ ಮೇಲಿನ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು.

"ಏನವಾ ಚೆನ್ನಬಸವ್ವ, ಯುಗಾದಿಗಿನ್ನೂ ದಿನ ಅದಾವಲ್ಲ?"

"ಯುಗಾದಿಗೆ ಬರಬೇಕೋ ಬ್ಯಾಡೋ ಅಂತ ಕೇಳಾಕ ಬಂದೀನ್ರಿ ಸಾವ್ಕಾರ್ರ."

ಮೂಟೆ ಹೊರುತ್ತಿದ್ದವರು ನಿಂತು ನೋಡಿದರು. ಗಿರಣಿಗೆ ಅಂಟಿಕೊಂಡ ಮನೆಯ ಬಾಗಿಲಲ್ಲಿ ಸಾವ್ಕಾರರ ಹೆಂಡತಿ ಜಂಬಮ್ಮ ಬಂದು ನಿಂತಳು.

"ಹೊಲದಾಗ ಗೂಟ ಹೊಡಸೀರಿ," ಎಂದಳು ಚೆನ್ನಬಸಮ್ಮ. "ನನ್ನ ಗಂಡನ ಕೈಲೇ ಬಣ್ಣ ಬಳಿಸೀರಿ. ನಿಮ್ಮ ಮಗ ಟೇಪ್ ಹಿಡಕೊಂಡು ಹಂಪಿ ನೋಡಾಕ ಬಂದಿದ್ರು. ಬಿಡು ಅಂತ ಮುಖಕ್ಕ ಒಂದು ಮಾತು ಹೇಳಿದ್ರ ಆಕ್ಕಿತ್ತು."

ವಿರೂಪಾಕ್ಷಪ್ಪನವರಿಗೆ ಸಿಟ್ಟು ಬರಲಿಲ್ಲ. ಅವರು ಅವಳನ್ನೇ ಸ್ವಲ್ಪ ಹೊತ್ತು ನೋಡಿದರು, ಕಾಳಿನಲ್ಲಿ ಕಲ್ಲು ಎಷ್ಟಿದೆ ಎಂದು ನೋಡುವವರ ಹಾಗೆ.

"ಚಲೋ ಮಾತಾಡ್ತಿ. ಗೂಟ ಹೊಡದೋರು ನೀವು, ಕೇಳಾಕ ಬಂದೋಳೂ ನೀನಾ?"

"ನಾವ್ಯಾಕ ಹೊಡೀತೀವ್ರಿ?"

"ಅಕ್ಕಿ ಒಯ್ಯಾಕ ಬಂದ ಪಂಪೇಶ ಹೇಳಿದ. ನಿಮ್ಮ ಹೊಲದಾಗ ಕೆಂಪು ಗೂಟ ಬಿದ್ದಾವ್ರಿ, ನಿಮಗ ಗೊತ್ತೈತೇನು ಅಂದ. ನಾ ಹೊಡಿಸಿಲ್ಲ. ಸರ್ಕಾರದೋರು ಹೊಡದ್ರ ನನಗ ನೋಟೀಸ್ ಬರಬೇಕು. ಹಂಗಾರ ಉಳದೋರು ಯಾರು? ಉಳುವೋನ ಕಾಯ್ದಿ ಬಂದಾಗ ನಮ್ಮಪ್ಪ ಗಂಗಾವತಿ ಕಡಿ ಭೂಮಿ ಕಳಕೊಂಡ. ಅದೂ ಹಿಂಗಾ ಶುರುವಾಗಿತ್ತು. ಮೊದ್ಲು ಬದುವಿಗೊಂದು ಗುರುತು, ಆಮ್ಯಾಲ ಹತ್ತು ಮಂದಿ ಸಾಕ್ಷಿ, ಆಮ್ಯಾಲ ಅರ್ಜಿ. ಅದಕ್ಕಾ ತಿಪ್ಪೇಶನ ಜತಿ ಸರ್ವೇದವನ್ನ ಕಳಿಸಿದೆ. ನಿಮ್ಮ ಗೂಟ ಎಲ್ಲೆಲ್ಲಿ ಅದಾವ ನೋಡಿ ಬಾ ಅಂತ."

ಚೆನ್ನಬಸಮ್ಮ ಲೆಕ್ಕ ಹಾಕಿದಳು. ಅವರು ಸುಳ್ಳು ಹೇಳುತ್ತಿದ್ದರೆ ಬಹಳ ಅಭ್ಯಾಸ ಮಾಡಿದ ಸುಳ್ಳು. ನಿಜ ಹೇಳುತ್ತಿದ್ದರೆ, ಹೊಲ ಅಳೆಯುವವನು ಬಂದದ್ದು ಅವಳ ಊರಿನವರ ಮಾತಿನಿಂದಲೇ.

"ನೀವೂ ಅಲ್ಲ, ಆಕಿನೂ ಅಲ್ಲ ಅಂದ್ರ ಗೂಟ ತಾನಾಗೇ ಹುಟ್ಟೇತೇನು?" ಎಂದಳು ಜಂಬಮ್ಮ ಬಾಗಿಲಿನಿಂದ. "ಕಿತ್ತು ತಂದು ನೋಡಬಾರ್ದಾ? ಕಬ್ಬಿಣ ಯಾರ ಮನೀದು ಅಂತ ಕಬ್ಬಿಣಾನ ಹೇಳ್ತೈತಿ."

ವಿರೂಪಾಕ್ಷಪ್ಪ ತಲೆಯಾಡಿಸಿದರು. "ಕಿತ್ತು ತಾ. ನನ್ನದು ಅಂತ ತೋರಿಸಿದ್ರ ನೀ ಇರೋ ತನಕ ಆ ಹೊಲ ನಿಂದ. ನಿಮ್ದು ಅಂತ ಆತಂದ್ರ ಈ ಯುಗಾದಿಗೆ ಎಲಿ ಅಡಿಕಿ ತರಬ್ಯಾಡ."

ಹಮಾಲರ ಎದುರಿಗೆ ಆಡಿದ ಮಾತು. ಇಬ್ಬರಲ್ಲಿ ಯಾರೂ ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ.

ಮರುದಿನ ಉಚ್ಚೆಂಗಪ್ಪ ಗೊನೆ ಹಾಕಿಕೊಂಡು ಹೊಸಪೇಟೆ ಮಾರುಕಟ್ಟೆಗೆ ಹೋದ. ಅವಳು ಹಾರೆ ಗುದ್ದಲಿ ತೆಗೆದುಕೊಂಡು ಹೊಲಕ್ಕೆ ಹೋದಳು. ಮೇಲಿನ ಮಣ್ಣು ಸಲೀಸಾಗಿ ಬಂತು. ಅದರ ಕೆಳಗೆ ಯಾರೋ ಆರಿಸಿ ಜೋಡಿಸಿದ ಕಲ್ಲು, ಕಲ್ಲಿನ ಸಂದಿಗೆ ಒದ್ದೆ ಮಣ್ಣು ಹಾಕಿ ಗುದ್ದಿ ಗಟ್ಟಿ ಮಾಡಿದ್ದರು. ಮೊಣಕಾಲು ಮುಳುಗುವಷ್ಟು ಕುಣಿ ತೋಡಿದ ಮೇಲೆ ಹಾರೆಯ ತುದಿಗೆ ಠಣ್ ಎಂದಿತು. ಸರಳಿನ ಬುಡದಲ್ಲಿ ಅಂಗೈ ಅಗಲದ ಒಂದು ಕಬ್ಬಿಣದ ತಗಡು ಅಡ್ಡ ಮಲಗಿತ್ತು. ಸರಳು ಅದರ ನಡುವಿನ ತೂತಿನಲ್ಲಿ ಇಳಿದು ಕೆಳಗಿನಿಂದ ಇನ್ನೊಂದು ನಟ್ಟಿಗೆ ಬೆಸುಗೆಯಾಗಿತ್ತು. ಎಷ್ಟು ಎಳೆದರೂ ಬಾರದಿದ್ದದ್ದು ಇದಕ್ಕೇ. ಎಳೆದವರು ಸರಳನ್ನಲ್ಲ, ಅದರ ಮೇಲಿದ್ದ ಮಣ್ಣು ಕಲ್ಲನ್ನೆಲ್ಲ ಎತ್ತಬೇಕಿತ್ತು.

ಅವಳು ತಗಡಿನ ಮಣ್ಣು ಸವರಿದಳು. ಒಂದು ಮಗ್ಗುಲು ನುಣುಪು. ಇನ್ನೊಂದು ಮಗ್ಗುಲಿಗೆ ಕೆರೆದರೂ ಹೋಗದ ಮಸಿ. ಅಂಚು ತುಸು ಮೇಲೆದ್ದಿತ್ತು, ಒಂದು ಕಡೆ ಒಲೆಯ ಕಲ್ಲಿಗೆ ಬಿದ್ದು ತಗ್ಗಾದ ಗುರುತು. ಅದು ಅವಳ ಅಜ್ಜಿಯ ರೊಟ್ಟಿ ಹಂಚಿನ ಕಾಲು ಭಾಗ. ಹಂಚು ಡೊಂಕಾಗಿ ರೊಟ್ಟಿ ಸರಿಯಾಗಿ ಬೇಯುವುದಿಲ್ಲವೆಂದು ಗುಜರಿಗೆ ಹಾಕಿ ಬಾ ಎಂದು ಅವಳೇ ಕೊಟ್ಟಿದ್ದಳು. ಹಾಕಿದೆ ಎಂದು ಉಚ್ಚೆಂಗಪ್ಪ ಹೇಳಿದ್ದ.

ಅಳತೆಯ ಗೂಟವನ್ನು ಯಾರೂ ಎಳೆಯುವುದಿಲ್ಲ. ಇದು ಎಳೆಸಿಕೊಳ್ಳಲೆಂದೇ ಮಾಡಿದ್ದು. ಹಾಗಾದರೆ ಎಳೆಯುವುದು ಯಾವುದು? ಅವಳು ಕುಣಿಯ ಅಂಚಿನಲ್ಲಿ ಕೂತು ಗುಡ್ಡದ ಕಡೆ ನೋಡಿದಳು. ಬಂಡೆಗಳ ನಡುವಿನಿಂದ ಇಳಿದು ಬಂದ ಸಣ್ಣ ದಾರಿಯೊಂದು ಬಾಳೆಯ ಸಾಲಿಗೆ ಬಂದು ಕೂಡುತ್ತಿತ್ತು. ಹಂದಿಗಳ ದಾರಿ. ಗೂಟಗಳು ರಸ್ತೆಯ ಗೆರೆಯಲ್ಲಿರಲಿಲ್ಲ. ಹಂದಿ ಇಳಿಯುವ ಅಂಚಿನಲ್ಲಿದ್ದವು.

ಸಂಜೆಗೆ ಮುಂಚೆ ಬಂದ ಉಚ್ಚೆಂಗಪ್ಪ ದೂರದಿಂದಲೇ ತೋಡಿದ ಮಣ್ಣು ಕಂಡು ನಿಂತ. ಅವಳು ಹಂಚಿನ ತುಂಡನ್ನು ಎತ್ತಿ ತೋರಿಸಿದಳು.

"ಗುಜರಿಯವ ಇದನ್ನ ಇಲ್ಲಿ ತಂದು ಹುಗದು ಹೋದನಾ?"

ಅವನು ಬದುವಿನ ಮೇಲೆ ಕೂತು ತಲೆಯ ಟವೆಲು ಬಿಚ್ಚಿದ. "ಹಂದಿ ಉರುಲಿಗೆ," ಎಂದ.

"ಉರುಲು ಇಡಂಗಿಲ್ಲ ಅಂತ ಆಣಿ ಮಾಡಿದ್ದಿ."

"ಮಾಡಿದ್ದೆ. ಹಂದಿ ಆಣಿ ಮಾಡಿಲ್ಲಲ್ಲ. ಹೋದ ಮಳಿಗಾಲದಾಗ ನೆಟ್ಟ ಮರಿ ಎಷ್ಟು ಕಿತ್ತು ಹಾಕಿದ್ವು, ನೀನಾ ಅತ್ತಿ. ಮೊದ್ಲು ಜಾಲಿ ಗೂಟ ಹೊಡದು ಕಟ್ಟಿದೆ. ಗೂಟ ಕಿತಗೊಂಡು ವೈರ್ ಸಮೇತ ಗುಡ್ಡ ಹತ್ತಿ ಹೋತು. ಅದಕ್ಕಾ ಇದು." ಮಾತಿನ ನಡುವೆ ಅವನ ದನಿ ತಾನಾಗಿ ಬದಲಾಯಿತು. "ಸರಳು ಸಂಡೂರು ರೋಡಿನ ಲಾರಿ ಬಾಡಿ ಕಟ್ಟೋರು ಒಗದದ್ದು. ಗಾದಿಗನೂರಿನ ಎರ್ರಿಯಪ್ಪ ಬೆಸುಗಿ ಹಾಕ್ಕೊಟ್ಟ, ಎಮ್ಮಿ ಕಟ್ಟಾಕ ಅಂದಿದ್ದೆ. ಬಣ್ಣ ಅವನ ಡಬ್ಬಿ ತಳದಾಗ ಉಳದಿತ್ತು. ಪೈಸಾ ಖರ್ಚಿಲ್ಲ ನೋಡು. ತಗಡು ಅಡ್ಡ ಬಿದ್ದು ಮ್ಯಾಲ ಕಲ್ಲು ಗುದ್ದಿದ್ರ ಎತ್ತು ಎಳದ್ರೂ ಬರಂಗಿಲ್ಲ."

"ಹೆಂಡ್ತಿ ಎಳದ್ರೂ ಬರಂಗಿಲ್ಲ," ಎಂದಳು ಅವಳು. "ಸರ್ವೇ ಗೂಟ ಅಂತ ನಾ ಕಂಪ್ಲಿಗೆ ಹೋಗಿ ಸಾವ್ಕಾರ್ರ ಮುಂದ ಒದರಿ ಬಂದೆ. ನೀ ಕೇಳಕೊಂಡು ಸುಮ್ನ ರೊಟ್ಟಿ ತಿಂದಿ."

"ಹಂಗಾ ಅಂದ್ಕೊಳ್ಳಿ ಅಂತ ಬಿಟ್ಟೆ. ನೀ ಬೈಯೋದು ಸಾವ್ಕಾರ್ರಿಗೆ ಹೋಗಿ ಮುಟ್ಟಂಗಿಲ್ಲ ಅಂದ್ಕೊಂಡೆ."

ಅವಳ ಅಣ್ಣನ ಊರಿನಲ್ಲಿ ಒಬ್ಬ ಹಂದಿಗೆಂದು ಇಟ್ಟ ಉರುಲಿಗೆ ಕರಡಿ ಬಿದ್ದು ಸತ್ತಿತ್ತು. ಇಟ್ಟವನನ್ನು ಅರಣ್ಯದವರು ಹೊಲದಿಂದಲೇ ಒಯ್ದರು. ಅವನ ಹೆಂಡತಿ ಕೋರ್ಟಿನ ಮುಂದೆ ಕೂತಿರುವುದನ್ನು ಚೆನ್ನಬಸಮ್ಮ ಕಣ್ಣಾರೆ ನೋಡಿ ಬಂದಿದ್ದಳು. ಬಂದ ದಿನವೇ ಗಂಡನಿಂದ ಆಣೆ ಮಾಡಿಸಿಕೊಂಡಿದ್ದಳು.

"ವೈರ್ ಕಟ್ಟೀಯೇನು?"

"ಇನ್ನೂ ಇಲ್ಲ." ಆಮೇಲೆ ಟವೆಲಿನಿಂದ ಕತ್ತು ಒರೆಸಿಕೊಂಡ. "ಒಂದಕ್ಕ ಕಟ್ಟೀನಿ."

ಅದು ಗುಡ್ಡದ ಬುಡದಲ್ಲಿ, ಕಾರೆ ಪೊದೆಯ ಹಿಂದೆ ಇತ್ತು. ಬೈಕಿನ ಕ್ಲಚ್ ವೈರಿನ ಕುಣಿಕೆ. ಗೂಟ ಅಲುಗಿರಲಿಲ್ಲ, ಸುತ್ತಲಿನ ಹುಲ್ಲು ಮಾತ್ರ ಬೇರು ಸಮೇತ ಕಿತ್ತು ನೆಲ ಬರಿದಾಗಿತ್ತು. ಕುಣಿಕೆ ಬಿಗಿದು, ತಿರುಚಿ, ಎಳೆಗಳು ಬಿಚ್ಚಿ ಹರಿದಿತ್ತು. ಸಿಕ್ಕಿದ್ದ ಪ್ರಾಣಿ ತಪ್ಪಿಸಿಕೊಂಡು ಹೋಗಿತ್ತು. ಎಳೆಗಳಿಗೆ ಕರಿ ಕೂದಲು ಅಂಟಿತ್ತು.

"ಹಂದಿ," ಎಂದ 	ಉಚ್ಚೆಂಗಪ್ಪ ಗಡಿಬಿಡಿಯಿಂದ.

ಅವಳು ಒಂದು ಕೂದಲು ಬಿಡಿಸಿ ಬೆರಳಿನ ಮೇಲೆ ಹಾಸಿದಳು. ಬೆರಳು ದಾಟಿ ಕೆಳಗೆ ಇಳಿಬಿತ್ತು. ಮಿದುವಾಗಿತ್ತು.

"ಇಷ್ಟುದ್ದ ಕೂದ್ಲ ಇರೋ ಹಂದಿ ಯಾವ ಊರಾಗೈತಿ ಮಾವ?"

ಅವನು ಗುದ್ದಲಿ ಎತ್ತಿಕೊಂಡ. ಬೆಳಕಿರುವಾಗಲೇ ಇಬ್ಬರೂ ಸೇರಿ ಎಲ್ಲ ಗೂಟಗಳನ್ನು ತೋಡಿದರು. ಹೂಳಿದವನಿಗೇ ಕೀಳುವುದು ಕಷ್ಟವಾಯಿತು. ಹೊಳೆಮ್ಮ ತನ್ನ ಬದುವಿನಿಂದ ಸೊಂಟಕ್ಕೆ ಕೈ ಕೊಟ್ಟು ನೋಡಿದಳು, "ಏನು, ನಿಧಿ ಸಿಕ್ತೇನು?" ಎಂದು ಕೂಗಿದಳು. "ಸಿಕ್ತು, ರೊಟ್ಟಿ ಹಂಚು," ಎಂದಳು ಚೆನ್ನಬಸಮ್ಮ. ಹೊಳೆಮ್ಮ ಅದನ್ನು ನಂಬಲಿಲ್ಲ.

"ಎಲ್ಲಾ ಒಯ್ದು ಕಾಲುವ್ಯಾಗ ಒಗೀತೀನಿ," ಎಂದ ಉಚ್ಚೆಂಗಪ್ಪ. "ಹೋಗಿ ನೋಡಿದ್ರ ಗೂಟ ಇರ್ಲೇ ಇಲ್ಲ, ಯಾರೋ ಕಿತಗೊಂಡು ಹೋಗ್ಯಾರ ಅಂತ ಸಾವ್ಕಾರ್ರಿಗೆ ಹೇಳು."

"ಕಿತ್ತು ತಾ ಅಂದಾರ. ತರ್ಲಿಲ್ಲ ಅಂದ್ರ ಮುಚ್ಚಿಟ್ಟಾಳ ಅಂತಾರ, ಹೊಲ ಹೋತು. ತಂದ್ರ ನಿನ್ನ ಕಬ್ಬಿಣ ಅಂತ ತಿಳೀತೈತಿ, ಆಗ್ಲೂ ಹೋತು." ಅವಳು ಹಂಚಿನ ತುಂಡಿದ್ದ ಗೂಟವನ್ನು ಗೋಣಿಚೀಲಕ್ಕೆ ಹಾಕಿದಳು. "ಹೋಗೋದಾದ್ರ ಖರೇ ಹೇಳಿ ಹೋಗ್ಲಿ. ನೀನೂ ಬರಬೇಕು. ನಾ ಹೇಳಿದ್ರ ಗಂಡನ್ನ ಕಾಯಾಕ ಕತಿ ಕಟ್ಯಾಳ ಅಂತಾರ. ನೀ ಬಾಯಿ ಬಿಟ್ರ ಕತಿ ಅನ್ನಂಗಿಲ್ಲ. ಜೈಲಿಗೆ ಹೋಗೋ ಕತಿ ಯಾರೂ ತಮ್ಮ ಮ್ಯಾಲ ಕಟ್ಟಿಕೊಳ್ಳಂಗಿಲ್ಲ."

ಗಿರಣಿಯಲ್ಲಿ ವಿರೂಪಾಕ್ಷಪ್ಪ ಗೂಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ಉಚ್ಚೆಂಗಪ್ಪ ನಿಂತೇ ಹೇಳಿದ, ನೆಲ ನೋಡಿಕೊಂಡು, ಕರಡಿಯ ಕೂದಲನ್ನೂ ಬಿಡದೆ. ಹಂಚಿನ ಮಸಿಯನ್ನು ಮೊದಲು ಗುರುತಿಸಿದವಳು ಜಂಬಮ್ಮ. "ಹೌದ್ರಿ, ಇದು ಒಲಿ ಕಂಡ ಕಬ್ಬಿಣ," ಎಂದಳು.

"ಹಂದಿಗೆ ಇಷ್ಟು ಗಟ್ಟಿ ಗೂಟ ಬೇಕೇನಪ್ಪ?" ಎಂದ ತಿಪ್ಪೇಶ್. ಜೇಬಿನಿಂದ ಫೋನು ತೆಗೆದು ಗೂಟದ ಫೋಟೋ ತೆಗೆದ. ಆಮೇಲೆ, ಯಾರೂ ಕೇಳದಿದ್ದರೂ, ಗೂಟದ ಪಕ್ಕ ನಿಂತಿದ್ದ ಉಚ್ಚೆಂಗಪ್ಪ ಸೇರುವಂತೆ ಇನ್ನೊಂದು. ಅದು ಎಲ್ಲಿಗೆ ಹೋಗಬಹುದು ಎಂದು ಚೆನ್ನಬಸಮ್ಮ ಯೋಚಿಸಿದಳು. ಅರಣ್ಯ ಕಚೇರಿಗೆ ಹೋಗದಿರಬಹುದು. ಹೋಗಬಹುದಾದ ಒಂದು ವಸ್ತುವಾಗಿ ಅವನ ಜೇಬಿನಲ್ಲಿ ಇರುತ್ತದೆ.

"ನಿಮ್ಮ ಕಬ್ಬಿಣಾನ ಅಂತಾತು," ಎಂದರು ವಿರೂಪಾಕ್ಷಪ್ಪ. "ಮಾತು ಮಾತಾ. ಎಲಿ ಅಡಿಕಿ ತರಬ್ಯಾಡ."

ಉಚ್ಚೆಂಗಪ್ಪ ಟವೆಲನ್ನು ಹಿಂಡಿದ. ಚೆನ್ನಬಸಮ್ಮ ಕಾದಳು. ಮಾತು ಮುಗಿದಿರಲಿಲ್ಲವೆಂದು ಅವರ ಕೈ ಹೇಳುತ್ತಿತ್ತು, ಅದು ಮೇಜಿನ ಡ್ರಾಯರಿನ ಹಿಡಿಕೆಯ ಮೇಲಿತ್ತು.

"ಹೊಲ ಬಿಡು ಅಂತ ನಾ ಅನ್ನಂಗಿಲ್ಲ. ನಿಮ್ಮಷ್ಟು ಚಲೋ ಬಾಳಿ ಮಾಡೋರು ನನಗ ಸಿಗಂಗಿಲ್ಲ. ಆದ್ರ ಇನ್ನ ಮಾತಿನ ಮ್ಯಾಲ ಬ್ಯಾಡ. ಕಾಗದ ಮಾಡೂಣು. ಹನ್ನೊಂದು ತಿಂಗ್ಳದ್ದು. ಮುಗದ ಮ್ಯಾಲ ಮತ್ತ ನೋಡೂಣು."

ಡ್ರಾಯರಿನಿಂದ ತೆಗೆದ ಕಾಗದ ಛಾಪಾ ಕಾಗದದ ಮೇಲೆ ಟೈಪಾಗಿತ್ತು. ಮೂಲೆಗಳು ಆಗಲೇ ಮೆತ್ತಗಾಗಿದ್ದವು. ಇವರು ಗೂಟ ತರುವ ಮೊದಲೇ, ಬಹುಶಃ ಅವಳು ಆವತ್ತು ಅಂಗಳಕ್ಕೆ ಬರುವ ಮೊದಲೇ, ಅದು ತಯಾರಾಗಿತ್ತು. ಚೆನ್ನಬಸಮ್ಮ ಅದನ್ನು ಗಮನಿಸಿದಳು. ಅವಳು ಗಮನಿಸಿದ್ದನ್ನು ವಿರೂಪಾಕ್ಷಪ್ಪನವರೂ ಗಮನಿಸಿದರು.

ತಿಪ್ಪೇಶ್ ಪೆನ್ನು ಚಾಚಿದ. ಉಚ್ಚೆಂಗಪ್ಪ ಕೈ ಮುಂದೆ ಮಾಡಿದ. ಅವಳು ಅವನ ಮಣಿಕಟ್ಟು ಹಿಡಿದಳು.

"ಓದ್ತೀನ್ರಿ," ಎಂದಳು.

"ಓದೋದೇನೈತಿ? ಎಲ್ಲಾರಿಗೂ ಮಾಡೋದಾ ಇದು. ನಮ್ಮ ಮ್ಯಾಲ ನಂಬಿಕಿ ಇಲ್ಲೇನು?" ಎಂದರು ವಿರೂಪಾಕ್ಷಪ್ಪ.

"ಕಾಗದ ತೆಗೆದೋರು ನೀವ ಅಲ್ರೀ."

ಅವಳು ಅಕ್ಕಿ ಮೂಟೆಯೊಂದರ ಮೇಲೆ ಕೂತು, ಕಾಗದವನ್ನು ಮೊಣಕಾಲ ಮೇಲೆ ಹರಡಿ, ಬೆರಳಿಟ್ಟು ಓದತೊಡಗಿದಳು. ಏಳನೆಯ ತರಗತಿಯ ಓದು. ಒಂದೊಂದು ಶಬ್ದವನ್ನು ಎರಡು ಸಲ ಬಿಡಿಸಬೇಕಾಗುತ್ತಿತ್ತು. ಯಂತ್ರ ನಿಂತಿತ್ತು, ಹಮಾಲರು ಬೀಡಿ ಹಚ್ಚಿದರು. ಜಂಬಮ್ಮ ಒಳಗೆ ಹೋಗಿ ಚಹಾ ತಂದಿಟ್ಟಳು. ಅದು ಆರಿತು. ತಿಪ್ಪೇಶ್ ಗಡಿಯಾರ ನೋಡಿದ. ಅರ್ಧ ಪುಟ ದಾಟಿದ ಮೇಲೆ ಅವಳ ಬೆರಳು ನಿಂತಿತು.

"ಸದರಿ ಜಮೀನಿನಲ್ಲಿ ಗೂಟ, ಕಂಬ, ಕಲ್ಲು ಮುಂತಾಗಿ ಯಾವುದನ್ನೂ ನೆಡತಕ್ಕದ್ದಲ್ಲ," ಎಂದು ಜೋರಾಗಿ ಓದಿದಳು. "ನೆಟ್ಟಲ್ಲಿ ಕರಾರು ರದ್ದಾಗತಕ್ಕದ್ದು."

"ಹೌದಲ್ಲ. ಅದಾ ಬೇಕಾಗಿದ್ದು," ಎಂದರು ವಿರೂಪಾಕ್ಷಪ್ಪ.

"ಯುಗಾದಿ ಮುಗದ ಮ್ಯಾಲ ಗಾಳಿ ಬರ್ತಾವ್ರಿ. ಗೊನಿ ಬಿಟ್ಟ ಬಾಳಿಗೆ ಆನಿಕಿ ಕೋಲು ಕೊಡದಿದ್ರ ಎಲ್ಲಾ ಮುರದು ಬೀಳ್ತಾವ. ಕೋಲು ನೆಲಕ್ಕ ನೆಡಬೇಕು. ನೆಟ್ರ ಕರಾರು ರದ್ದು. ನೆಡದಿದ್ರ ಬೆಳಿ ರದ್ದು."

"ಏ, ಕೋಲಿಗ್ಯಾರು ಕೇಳ್ತಾರ ಅಕ್ಕ," ಎಂದ ತಿಪ್ಪೇಶ್. "ಅದು ಬ್ಯಾರೆ, ಇದು ಬ್ಯಾರೆ."

"ಕಾಗದದಾಗ ಬ್ಯಾರೆ ಅಂತಿಲ್ಲಲ್ರಿ. ಯಾವುದನ್ನೂ ಅಂತೈತಿ."

ವಿರೂಪಾಕ್ಷಪ್ಪ ಮಗನ ಕಡೆ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಕಾಗದವನ್ನು ತೆಗೆದುಕೊಂಡು ಆ ಸಾಲನ್ನು ತಾವೇ ಓದಿದರು. ಪೆನ್ನು ತೆಗೆದು ಸಾಲಿನ ಮೇಲೆ ಸಣ್ಣ ಅಕ್ಷರದಲ್ಲಿ "ಬಾಳೆಯ ಆನಿಕೆ ಕೋಲುಗಳ ಹೊರತು" ಎಂದು ಬರೆದು, ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಹಾಕಿ, ಕಾಗದವನ್ನು ತಿರುಗಿ ಕೊಟ್ಟರು.

"ಆತೇನು?"

"ಇಷ್ಟಕ್ಕ ಆತ್ರಿ," ಎಂದು ಚೆನ್ನಬಸಮ್ಮ ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು.